ಹೆಸರಿಟ್ಟು ಕರೆಯುವುದು: ಬೆಲಾರೂಸಿನ ಕ್ರೈಸ್ತನಾಮಗಳೂ ನೆರೆಭಾಷೆಗಳಲ್ಲಿ ಅವುಗಳ ರೂಪಭೇದಗಳೂ

ಲೂಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ನಾಮಕರಣದ ವಿವಾದವೊಂದು ಬರುತ್ತದೆ. ಎಲಿಸಬೇತಳ ಮಗುವಿಗೆ ತಂದೆಯ ಹೆಸರನ್ನೇ ಇಡಬೇಕೆಂಬುದು ನೆಂಟರ ಮತ್ತು ನೆರೆಯವರ ಅಭಿಪ್ರಾಯ. ತಾಯಿ ಬೇರೊಂದು ಹೆಸರನ್ನು ಹೇಳಿದಾಗ, ಆ ಹೆಸರಿನವರು ಅವರ ಬಂಧುವರ್ಗದಲ್ಲಿ ಯಾರೂ ಇಲ್ಲವೆಂದು ಅವರು ಆಕ್ಷೇಪಿಸುತ್ತಾರೆ. ಮಾತು ಕಳೆದುಕೊಂಡಿದ್ದ ಜಕರೀಯನು ಹಲಗೆಯನ್ನು ತರಿಸಿ ಯೋಹಾನನೆಂಬ ಹೆಸರನ್ನು ಬರೆದು ತೋರಿಸಿದ ಮೇಲೆಯೇ ಚರ್ಚೆ ಮುಗಿಯುತ್ತದೆ. ಒಬ್ಬನ ಹೆಸರು ಮನೆತನಕ್ಕೆ ಸೇರಿದ್ದೋ, ನೆರೆಹೊರೆಗೆ ಸೇರಿದ್ದೋ, ಅದನ್ನು ಕೊಟ್ಟ ದೇವರಿಗೆ ಸೇರಿದ್ದೋ ಎಂಬ ಪ್ರಶ್ನೆ ಸಭೆಯ ಇತಿಹಾಸದಷ್ಟೇ ಹಳೆಯದು. ಈ ವಿವಾದದೊಳಗೆ ರಾಜ್ಯಾಧಿಕಾರವೂ ತನ್ನದೊಂದು ಹಲಗೆಯನ್ನು ಹಿಡಿದು ಪ್ರವೇಶಿಸಿದರೆ ಏನಾಗುತ್ತದೆ ಎಂಬುದನ್ನು ತಿಳಿಯಬಯಸುವವರಿಗೆ ಪೂರ್ವ ಯೂರೋಪಿನ ಬೆಲಾರೂಸ್ ದೇಶವು ಒಳ್ಳೆಯ ನಿದರ್ಶನವನ್ನು ಒದಗಿಸುತ್ತದೆ.

ಪೂರ್ವಕ್ಕೆ ರಷ್ಯ, ದಕ್ಷಿಣಕ್ಕೆ ಉಕ್ರೇನ್, ಪಶ್ಚಿಮಕ್ಕೆ ಪೋಲೆಂಡ್, ವಾಯವ್ಯ ಹಾಗೂ ಉತ್ತರಕ್ಕೆ ಲಿಥುವೇನಿಯ ಮತ್ತು ಲಾಟ್ವಿಯ: ಈ ಐದು ನೆರೆಗಳ ನಡುವೆ ಬೆಲಾರೂಸ್ ಇದೆ. ಅಲ್ಲಿಯ ಒಬ್ಬ ವಿಶ್ವಾಸಿಯ ಹೆಸರು ಈ ಐದು ಭಾಷೆಗಳಲ್ಲಿ ಐದು ಬಗೆಯಾಗಿ ದಾಖಲಾಗಿರಬಹುದು. ಅದು ಕೇವಲ ಉಚ್ಚಾರಣೆಯ ಭೇದವೆಂದು ನಾವು ತಿಳಿದರೆ, ಆ ಭೇದದ ಹಿಂದಿರುವ ಸಭಾಚರಿತ್ರೆಯನ್ನು ಕಾಣಲಾರೆವು. ಆದ್ದರಿಂದ ಮೊದಲು ಹೆಸರುಗಳು ಬಂದ ದಾರಿಯನ್ನೂ, ಬಳಿಕ ಅವು ನಾಲಿಗೆಯ ಮೇಲೆ ಪಡೆದ ರೂಪವನ್ನೂ, ಕಡೆಯಲ್ಲಿ ಅಧಿಕಾರವು ಅವುಗಳಿಗೆ ಮಾಡಿದ್ದನ್ನೂ ಕ್ರಮವಾಗಿ ವಿಚಾರಿಸೋಣ.

ಎರಡು ದಾರಿಗಳು

ಬೆಲಾರೂಸಿನ ಬಹುಪಾಲು ಕ್ರೈಸ್ತನಾಮಗಳು ಎರಡು ದಾರಿಗಳಲ್ಲಿ ಬಂದವು. ಒಂದು, ಕಾನ್‌ಸ್ಟಾಂಟಿನೋಪಲ್‌ನಿಂದ ಗ್ರೀಕ್ ಭಾಷೆಯ ಮೂಲಕ, ಆರಾಧನೆಯ ಸ್ಲಾವೊನಿಕ್ ಭಾಷೆಯನ್ನು ಹಾದು ಬಂದ ಆರ್ಥೊಡಾಕ್ಸ್ ದಾರಿ. ಇನ್ನೊಂದು, ರೋಮಿನಿಂದ ಲ್ಯಾಟಿನ್ ಭಾಷೆಯ ಮೂಲಕ, ಪೋಲಿಷ್ ಭಾಷೆಯನ್ನು ಹಾದು ಬಂದ ಕಥೋಲಿಕ ದಾರಿ. ಯೋಹಾನನೆಂಬ ಒಂದೇ ಹೆಸರು ಮೊದಲನೆಯ ದಾರಿಯಲ್ಲಿ ಇವಾನ್ ಆಯಿತು, ಎರಡನೆಯದರಲ್ಲಿ ಯಾನ್ ಆಯಿತು. ರಷ್ಯನ್ನರಿಗೂ ಉಕ್ರೇನಿಯನ್ನರಿಗೂ ಅವನು ಇವಾನ್, ಪೋಲರಿಗೆ ಯಾನ್, ಲಿಥುವೇನಿಯನ್ನರಿಗೆ ಯೋನಸ್, ಲಾಟ್ವಿಯನ್ನರಿಗೆ ಯಾನಿಸ್. ಬೆಲಾರೂಸಿಯನ್ನರಿಗೆ ಇವಾನ್ ಮತ್ತು ಯಾನ್ ಎರಡೂ ತಮ್ಮವೇ. ಜೊತೆಗೆ ಯಾನ್ಕಾ, ಯಾಸ್ಕಾ ಎಂಬ ಮನೆಮಾತಿನ ಮುದ್ದುರೂಪಗಳೂ ಉಂಟು. ಬೆಲಾರೂಸಿನ ಮಹಾಕವಿ ಯಾನ್ಕಾ ಕುಪಾಲಾ (1882–1942) ಕಥೋಲಿಕ ಕುಟುಂಬದಲ್ಲಿ ಹುಟ್ಟಿದವರು; ದಾಖಲೆಯಲ್ಲಿ ಅವರು ಇವಾನ್ ಲುತ್ಸೆವಿಚ್. ತಮ್ಮ ಕಾವ್ಯನಾಮಕ್ಕೆ ಅವರು ಆರಿಸಿಕೊಂಡದ್ದು ಹಳ್ಳಿಗರ ಬಾಯಲ್ಲಿದ್ದ ಯಾನ್ಕಾ ಎಂಬ ರೂಪವನ್ನು. ಕುಪಾಲಾ ಎಂಬುದು ಸ್ನಾನಿಕನಾದ ಯೋಹಾನನ ಜನನದ ಹಬ್ಬದ ಜನಪದ ಹೆಸರಿಗೆ ಸಂಬಂಧಿಸಿದ್ದು. ಹೀಗೆ ಆ ಕಾವ್ಯನಾಮದ ಎರಡು ಪದಗಳೂ ಜಕರೀಯನ ಮಗನನ್ನೇ ಸ್ಮರಿಸುತ್ತವೆ.

ಈ ಎರಡು ದಾರಿಗಳ ಗುರುತನ್ನು ಒಂದೇ ಅಕ್ಷರದಲ್ಲಿ ಕಾಣಬಹುದು. ಗ್ರೀಕ್ ವರ್ಣಮಾಲೆಯ ಥೀಟಾ ಎಂಬ ಅಕ್ಷರವನ್ನು ಲ್ಯಾಟಿನ್ ದಾರಿಯು ತಕಾರವಾಗಿ ಉಳಿಸಿಕೊಂಡಿತು. ಪೂರ್ವ ಸ್ಲಾವ್ ದಾರಿಯು ಅದನ್ನು ಫಕಾರವಾಗಿ ಓದಿತು. ಅದರಿಂದಾಗಿ ಅಪೊಸ್ತಲನಾದ ತೋಮನು ಪೋಲಿಷಿನಲ್ಲಿ ತೋಮಾಶ್, ಲಿಥುವೇನಿಯನ್ನಿನಲ್ಲಿ ತೋಮಸ್. ರಷ್ಯನ್ನಿನಲ್ಲಿಯಾದರೋ ಫೋಮಾ, ಉಕ್ರೇನಿಯನ್ನಿನಲ್ಲಿ ಖೋಮಾ. ಬೆಲಾರೂಸಿನಲ್ಲಿ ಕಥೋಲಿಕ ಮನೆಯ ಹುಡುಗ ತಾಮಾಶ್, ಆರ್ಥೊಡಾಕ್ಸ್ ಮನೆಯ ಹುಡುಗ ಫಾಮಾ. ಇಬ್ಬರೂ ಒಂದೇ ಅಪೊಸ್ತಲನ ಹೆಸರನ್ನು ಹೊತ್ತವರು. ಆ ಅಪೊಸ್ತಲನು ಭಾರತಕ್ಕೆ ಬಂದನೆಂಬ ಪರಂಪರೆಯನ್ನು ಕಾಪಾಡಿಕೊಂಡ ಸಭೆಗಳಿರುವ ನಾಡಿನಲ್ಲಿ ಕುಳಿತ ನಮಗೆ, ಫೋಮಾ ಎಂಬ ಪದದಲ್ಲಿ ತೋಮನನ್ನು ಗುರುತಿಸುವುದು ಒಮ್ಮೆಗೆ ಸಾಧ್ಯವಾಗುವುದಿಲ್ಲ. ಗುರುತಿಸದೆ ಹೋಗುವ ಈ ಅನುಭವವೇ ನಮ್ಮ ವಿಷಯದ ತಿರುಳು.

ನಾಲಿಗೆಯ ನಿಯಮಗಳು

ದಾರಿ ಯಾವುದೇ ಇರಲಿ, ಬಂದ ಹೆಸರನ್ನು ಜನರು ತಮ್ಮ ನಾಲಿಗೆಗೆ ಹೊಂದಿಸಿಕೊಳ್ಳುತ್ತಾರೆ. ಬೆಲಾರೂಸಿಯನ್ ಭಾಷೆಯ ಕೆಲವು ನಿಯಮಗಳನ್ನು ತಿಳಿದರೆ ಅನೇಕ ಹೆಸರುಗಳ ಬೀಗ ತೆರೆಯುತ್ತದೆ.

ಮೊದಲನೆಯದು, ಒತ್ತಿಲ್ಲದ ಒಕಾರವು ಅಕಾರವಾಗುವುದು. ರಷ್ಯನ್ನರೂ ಮಾತಿನಲ್ಲಿ ಹೀಗೆಯೇ ನುಡಿಯುತ್ತಾರೆ, ಆದರೆ ಬರಹದಲ್ಲಿ ಒಕಾರವನ್ನೇ ಉಳಿಸುತ್ತಾರೆ. ಬೆಲಾರೂಸಿಯನ್ನರು ನುಡಿದಂತೆಯೇ ಬರೆಯುತ್ತಾರೆ. ಎರಡನೆಯದು, ರಷ್ಯನ್ನಿನ ಗಕಾರದ ಸ್ಥಾನದಲ್ಲಿ ನಮ್ಮ ಹಕಾರಕ್ಕೆ ಸಮೀಪವಾದ ಗಂಟಲ ಧ್ವನಿ. ಇವೆರಡನ್ನು ಸೇರಿಸಿದರೆ ರಷ್ಯನ್ನಿನ ಒಲೆಗ್ ಬೆಲಾರೂಸಿನಲ್ಲಿ ಅಲೆಹ್, ಈಗೊರ್ ಎಂಬುದು ಈಹಾರ್, ಸೆರ್ಗೆಯ್ ಎಂಬುದು ಸ್ಯಾರ್ಹೆಯ್ ಆಗುವುದೇಕೆಂದು ತಿಳಿಯುತ್ತದೆ. ಮೂರನೆಯದು, ಮೃದುವಾದ ದಕಾರ ತಕಾರಗಳು ದ್ಜ, ತ್ಸ ಎಂದಾಗುವುದು: ದ್ಮಿತ್ರಿ ದ್ಜ್ಮಿತ್ರಿಯಾಗುತ್ತಾನೆ, ತಿಮೊಥೆಯನು ರಷ್ಯನ್ನಿನಲ್ಲಿ ತಿಮೊಫೆಯ್, ಬೆಲಾರೂಸಿನಲ್ಲಿ ತ್ಸಿಮಾಫೆಯ್.

ನಾಲ್ಕನೆಯ ನಿಯಮ ಕನ್ನಡಿಗರಿಗೆ ಚಿರಪರಿಚಿತ. ನಾವು ಒಂದು ಎಂದು ಬರೆದು ವೊಂದು ಎಂದು ನುಡಿಯುವಂತೆ, ಬೆಲಾರೂಸಿಯನ್ನರು ಒತ್ತುಳ್ಳ ಒಕಾರದ ಮುಂದೆ ವಕಾರವನ್ನು ಸೇರಿಸುತ್ತಾರೆ ಮತ್ತು ಬರೆಯುತ್ತಾರೆ: ರಷ್ಯನ್ನರ ಓಲ್ಗಾ ಅವರಿಗೆ ವೋಲ್ಹಾ. ಐದನೆಯದೂ ಅಂಥದೇ. ಫಕಾರವು ಸ್ಲಾವ್ ಭಾಷೆಗಳಿಗೆ ಮೂಲತಃ ಪರಕೀಯ. ನಮ್ಮ ಹಳ್ಳಿಯ ಹಿರಿಯರು ಫಿಲಿಪ್ಪನನ್ನು ಪಿಲಿಪ್ಪನೆನ್ನುವಂತೆಯೇ ಬೆಲಾರೂಸಿನ ರೈತರು ಅವನನ್ನು ಪಿಲಿಪ್ ಎಂದರು. ಅಥನಾಸಿಯನನ್ನು ಅಪಾನಾಸ್ ಎಂದರು. ಥಿಯೊಡೋರನನ್ನು, ರಷ್ಯನ್ನರು ಫ್ಯೋದೊರ್ ಎನ್ನುವಾಗ, ಖ್ವೆದಾರ್ ಎಂದರು. ಗ್ರೆಗರಿಯು ರಷ್ಯನ್ನರಿಗೆ ಗ್ರಿಗೊರಿ, ಉಕ್ರೇನಿಯನ್ನರಿಗೆ ಹ್ರಿಹೋರಿ, ಪೋಲರಿಗೆ ಗ್ಜೆಗೊಷ್, ಬೆಲಾರೂಸಿಯನ್ನರಿಗೆ ಮೊದಲ ವ್ಯಂಜನವೇ ಉದುರಿಹೋದ ರಿಹೋರ್. ನಿಕೊಲಾಸನು ರಷ್ಯನ್ನಿನಲ್ಲಿ ನಿಕೊಲಾಯ್; ಬೆಲಾರೂಸಿನಲ್ಲಿ ಮಿಕಾಲಾಯ್ ಅಥವಾ ಮಿಕೋಲಾ, ಉಕ್ರೇನಿನಲ್ಲಿ ಮಿಕೋಲಾ, ಪೋಲೆಂಡಿನಲ್ಲಿ ಮಿಕೊವಾಯ್, ಲಿಥುವೇನಿಯದಲ್ಲಿ ಮಿಕಲೋಯುಸ್.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಖ್ವೆದಾರ್, ಪಿಲಿಪ್, ಅಪಾನಾಸ್ ಮುಂತಾದ ರೂಪಗಳನ್ನು ಅಶುದ್ಧವೆಂದು ಕರೆಯುವ ರೂಢಿ ಬಹುಕಾಲ ನಡೆಯಿತು. ಆದರೆ ಫ್ಯೋದೊರ್ ಎಂಬುದೂ ಗ್ರೀಕ್ ಮೂಲದ ಥೆಓದೋರೊಸ್ ಅಲ್ಲ. ಇವಾನ್ ಎಂಬುದು ಇಬ್ರಿಯ ಯೋಹಾನಾನ್ ಅಲ್ಲ. ಒಂದು ಜನಾಂಗ ಮಾಡಿಕೊಂಡ ರೂಪಾಂತರ ಶಿಷ್ಟವೆನಿಸಿ, ಇನ್ನೊಂದು ಜನಾಂಗ ಮಾಡಿಕೊಂಡದ್ದು ಗ್ರಾಮ್ಯವೆನಿಸಿದರೆ, ಅದಕ್ಕೆ ಕಾರಣವನ್ನು ಭಾಷಾಶಾಸ್ತ್ರದಲ್ಲಿ ಹುಡುಕಬಾರದು.

ಒಬ್ಬ ವ್ಯಕ್ತಿ, ಎರಡು ಹೆಸರು

ಸಭೆಯು ತಾನೇ ಹೆಸರನ್ನು ಬದಲಿಸಿದ ಸಂದರ್ಭಗಳೂ ಉಂಟು. ಕೀವಿನ ಅರಸ ವ್ಲಾದಿಮಿರನು ದೀಕ್ಷಾಸ್ನಾನದಲ್ಲಿ ಬಾಸಿಲ್ ಎಂಬ ಹೆಸರನ್ನು ಪಡೆದನು. ಆದರೂ ಜನರು ಅವನ ಸ್ಲಾವ್ ಹೆಸರನ್ನೇ ಉಳಿಸಿಕೊಂಡರು, ಸಭೆಯೂ ಅದೇ ಹೆಸರಿನಿಂದ ಅವನನ್ನು ಸಂತರ ಪಟ್ಟಿಗೆ ಸೇರಿಸಿತು. ಇಂದು ಅದು ಬೆಲಾರೂಸಿನಲ್ಲಿ ಉಲಾದ್ಜಿಮಿರ್, ಉಕ್ರೇನಿನಲ್ಲಿ ವೊಲೊದಿಮಿರ್. 12ನೆಯ ಶತಮಾನದ ಪೋಲಾತ್ಸ್ಕ್ ನಗರದ ರಾಜಕುಮಾರಿ ಪ್ರಾದ್‌ಸ್ಲಾವಾ ಸನ್ಯಾಸ ಸ್ವೀಕರಿಸಿ ಯೂಫ್ರೊಸೈನ್ ಎಂಬ ಗ್ರೀಕ್ ಹೆಸರನ್ನು ಧರಿಸಿದಳು. ಬೆಲಾರೂಸಿಯನ್ನರ ಬಾಯಲ್ಲಿ ಅವಳು ಎವ್‌ಫ್ರಾಸಿನ್ಯಾ. ಯೆರೂಸಲೇಮಿನ ಯಾತ್ರೆಯಲ್ಲಿ 1173ರಲ್ಲಿ ತೀರಿಕೊಂಡ ಆಕೆಯ ಅವಶೇಷಗಳು ಕೀವಿನಲ್ಲಿ ಶತಮಾನಗಳ ಕಾಲವಿದ್ದು, 1910ರಲ್ಲಿ ಪೋಲಾತ್ಸ್ಕಿಗೆ ಮರಳಿದವು. ಲಿಥುವೇನಿಯದ ಮಹಾಪ್ರಭು ಯೋಗೈಲಾ, ಪೋಲರ ಯಾಗ್ಯೆವೊ, ಬೆಲಾರೂಸಿಯನ್ನರ ಯಾಹೈಲಾ, 1386ರಲ್ಲಿ ಕ್ರಾಕುವ್ ನಗರದಲ್ಲಿ ದೀಕ್ಷಾಸ್ನಾನ ಪಡೆದು ವ್ವಾದಿಸ್ವಾಫ್ ಎಂಬ ಹೆಸರಿನಿಂದ ಪೋಲೆಂಡಿನ ಅರಸನಾದನು.

ಇವುಗಳಿಗಿಂತ ನೋವಿನ ನಿದರ್ಶನ ಯೋಸಾಫತ್ ಕುಂತ್ಸೆವಿಚ್. 1596ರ ಬ್ರೆಸ್ತ್ ಒಕ್ಕೂಟದಿಂದ ಈ ಪ್ರದೇಶದ ಆರ್ಥೊಡಾಕ್ಸ್ ಸಭೆಯ ಒಂದು ಭಾಗವು ರೋಮಿನೊಂದಿಗೆ ಸೇರಿತು. ಆ ಒಕ್ಕೂಟದ ಪೋಲಾತ್ಸ್ಕ್ ಮಹಾಧ್ಯಕ್ಷನಾಗಿದ್ದ ಯೋಸಾಫತನನ್ನು 1623ರ ನವೆಂಬರ್ 12ರಂದು ವೀತೆಬ್ಸ್ಕ್ ನಗರದಲ್ಲಿ ಜನರ ಗುಂಪು ಕೊಂದಿತು. 1867ರಲ್ಲಿ ರೋಮ್ ಅವನನ್ನು ಸಂತನೆಂದು ಘೋಷಿಸಿತು. ಆರ್ಥೊಡಾಕ್ಸ್ ಸಭೆಯ ನೆನಪಿನಲ್ಲಿಯಾದರೋ ಅವನು ಪೀಡಕ. ಅದೇ ಒಕ್ಕೂಟವನ್ನು ಎದುರಿಸಿದ ಬ್ರೆಸ್ತ್ ಮಠಾಧ್ಯಕ್ಷ ಅಥನಾಸಿಯ ಫಿಲಿಪೋವಿಚ್ 1648ರಲ್ಲಿ ಕೊಲ್ಲಲ್ಪಟ್ಟನು; ಅವನು ಆರ್ಥೊಡಾಕ್ಸರ ಹುತಾತ್ಮ. ಯೋಸಾಫತನ ದೀಕ್ಷಾನಾಮ ಯೋಹಾನ. ಫಿಲಿಪೋವಿಚ್ ಎಂದರೆ ಫಿಲಿಪ್ಪನ ಮಗನ ಮನೆತನ. ಸುವಾರ್ತೆಯ ಹೆಸರುಗಳನ್ನು ಹೊತ್ತ ಇಬ್ಬರು, ಒಂದೇ ನಾಡಿನಲ್ಲಿ, ಸಭೆಯ ಎರಡು ಬದಿಗಳಲ್ಲಿ ಪ್ರಾಣ ಕಳೆದುಕೊಂಡರು.

ಯೋಸಾಫತ್ ಎಂಬ ಸನ್ಯಾಸನಾಮದಲ್ಲಿ ನಮ್ಮನ್ನು ತಡೆದು ನಿಲ್ಲಿಸುವ ಸಂಗತಿಯೊಂದಿದೆ. ಆ ಲ್ಯಾಟಿನ್ ರೂಪದಲ್ಲಿ ಎರಡು ಹೆಸರುಗಳು ಕೂಡಿಹೋಗಿವೆ. ಒಂದು, ಯೆಹೂದದ ಅರಸ ಯೆಹೋಷಾಫಾಟನದು. ಇನ್ನೊಂದು, ಮಧ್ಯಯುಗದ ಕ್ರೈಸ್ತಲೋಕವೆಲ್ಲ ಓದಿದ ಬರ್ಲಾಮ ಮತ್ತು ಯೋಸಾಫತರ ಕಥೆಯ ಭಾರತೀಯ ರಾಜಕುಮಾರನದು. ಅರಮನೆಯನ್ನು ತೊರೆದು ಸನ್ಯಾಸಿಯಾದ ಆ ರಾಜಕುಮಾರನ ಕಥೆ ಬುದ್ಧನ ಜೀವನಕಥೆಯ ಕ್ರೈಸ್ತ ರೂಪಾಂತರವೆಂದು ವಿದ್ವಾಂಸರು ತೋರಿಸಿದ್ದಾರೆ. ಸಂಸ್ಕೃತದ ಬೋಧಿಸತ್ತ್ವ ಎಂಬ ಪದವು ಪಾರಸೀಕ ಮತ್ತು ಅರಬ್ಬಿ ಭಾಷೆಗಳನ್ನು ಹಾದು ಬೂದಾಸಫ್ ಎಂದಾಯಿತು. ಅರಬ್ಬಿ ಲಿಪಿಯಲ್ಲಿ ಬಕಾರಕ್ಕೂ ಯಕಾರಕ್ಕೂ ಅಡಿಯ ಚುಕ್ಕೆಗಳಷ್ಟೇ ವ್ಯತ್ಯಾಸವಾದುದರಿಂದ ಅದು ಯೂದಾಸಫ್ ಎಂದು ಓದಲ್ಪಟ್ಟಿತು. ಜಾರ್ಜಿಯನ್, ಗ್ರೀಕ್ ಭಾಷೆಗಳ ಮೂಲಕ ಇಯೋಆಸಫ್ ಆಗಿ, ಲ್ಯಾಟಿನಿನಲ್ಲಿ ಯೋಸಾಫತ್ ಆಯಿತು. ಹೆಸರುಗಳು ಗಡಿಯನ್ನು ಕೇಳಿ ಪ್ರಯಾಣಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ದಾಖಲೆಯ ಪುಸ್ತಕ ಮತ್ತು ಅಧಿಕಾರ

ಬೆಲಾರೂಸಿಯನ್ನರ ಪೂರ್ವಜರು ಲಿಥುವೇನಿಯದ ಮಹಾಪ್ರಭುತ್ವದಲ್ಲಿದ್ದ ಕಾಲದಲ್ಲಿ ಆಡಳಿತದ ಬರಹವೆಲ್ಲ ಅವರ ಹಳೆಯ ರುಥೇನಿಯನ್ ಭಾಷೆಯಲ್ಲಿಯೇ ನಡೆಯುತ್ತಿತ್ತು. 1588ರ ಶಾಸನಸಂಹಿತೆಯೂ ಅದರಲ್ಲೇ ರಚಿತವಾಯಿತು. 1696ರಲ್ಲಿ ಪೋಲಿಷ್ ಭಾಷೆ ಅದರ ಸ್ಥಾನವನ್ನು ಪಡೆಯಿತು. 1772ರಿಂದ 1795ರೊಳಗೆ ನಡೆದ ಮೂರು ವಿಭಜನೆಗಳಲ್ಲಿ ನಾಡು ರಷ್ಯದ ಸಾಮ್ರಾಜ್ಯಕ್ಕೆ ಸೇರಿತು. 1839ರಲ್ಲಿ ಪೋಲಾತ್ಸ್ಕ್ ಸಭಾಸಮ್ಮೇಳನವು ಬ್ರೆಸ್ತ್ ಒಕ್ಕೂಟವನ್ನು ರದ್ದುಪಡಿಸಿ, ಅದರ ಸಭೆಗಳನ್ನು ರಷ್ಯದ ಆರ್ಥೊಡಾಕ್ಸ್ ಸಭೆಗೆ ಸೇರಿಸಿತು. ಸಭಾದಾಖಲೆಯ ಭಾಷೆ ರಷ್ಯನ್ ಆಯಿತು. ಮನೆಯಲ್ಲಿ ಯಾನ್ಕಾ ಆಗಿದ್ದವನು ಒಂದು ತಲೆಮಾರಿನಲ್ಲಿ ಪೋಲಿಷ್ ದಾಖಲೆಯ ಯಾನ್, ಮುಂದಿನದರಲ್ಲಿ ರಷ್ಯನ್ ದಾಖಲೆಯ ಇವಾನ್. ಹಲಗೆಯನ್ನು ಹಿಡಿದವನು ಜಕರೀಯನಾಗಿರಲಿಲ್ಲ.

ಈ ಅವಸ್ಥೆಯನ್ನು ಕುಪಾಲಾ ಅವರು 1922ರಲ್ಲಿ ಬರೆದ ತುತೈಶಿಯಾ ಎಂಬ ನಾಟಕದಲ್ಲಿ ನಗೆಯ ಮೂಲಕ ತೋರಿಸಿದರು. ಇಲ್ಲಿಯವರು ಎಂಬುದು ಆ ಶೀರ್ಷಿಕೆಯ ಅರ್ಥ. ಮಿನ್ಸ್ಕ್ ನಗರದ ಮೇಲೆ ಒಂದರ ಮೇಲೊಂದು ಆಡಳಿತ ಬರುತ್ತಿರಲು, ಅದರ ನಾಯಕ ಮಿಕೀತಾ ಜ್ನೋಸಾಕ್ ರಷ್ಯನ್ನರ ಮುಂದೆ ನಿಕೀತಿ ಜ್ನೋಸಿಲೊವ್, ಪೋಲರ ಮುಂದೆ ನಿಕೀತ್ಸ್ಯುಶ್ ಜ್ನೋಸಿಲೋವ್ಸ್ಕಿ ಎಂದಾಗುತ್ತಾನೆ. ಅವನನ್ನು ಕಂಡು ನಗುವವರು, ತನ್ನ ಹೆಸರನ್ನು ತಾನೇ ನಾಚಿಕೆಯಿಂದ ಮರೆಮಾಡುವ ಸ್ಥಿತಿಗೆ ಒಬ್ಬ ಮನುಷ್ಯನನ್ನು ತಂದವರಾರು ಎಂದೂ ಕೇಳಬೇಕಾಗುತ್ತದೆ.

ಹೆಸರಿನ ಒಂದು ಅಕ್ಷರ ಒಬ್ಬನ ಪಂಥವನ್ನೇ ನಿರ್ಣಯಿಸಿದಂತೆ ಕಂಡ ಪ್ರಸಂಗವೂ ಇದೆ. ಪೋಲಾತ್ಸ್ಕ್ ನಗರದ ಫ್ರಾಂತ್ಸಿಸ್ಕ್ ಸ್ಕಾರಿನಾ 1517ರ ಆಗಸ್ಟ್ 6ರಂದು, ಲೂಥರನ ಪ್ರಬಂಧಗಳು ಪ್ರಕಟವಾಗುವುದಕ್ಕೆ ಮೂರು ತಿಂಗಳ ಮುಂಚೆ, ಪ್ರಾಗ್ ನಗರದಲ್ಲಿ ಕೀರ್ತನೆಗಳ ಪುಸ್ತಕವನ್ನು ಮುದ್ರಿಸಿದನು; 1519ರೊಳಗೆ ಸತ್ಯವೇದದ 23 ಪುಸ್ತಕಗಳನ್ನು ತನ್ನ ಜನರಿಗೆ ಅರ್ಥವಾಗುವ ಸ್ಲಾವ್ ಬರಹದಲ್ಲಿ ಹೊರತಂದನು. ಫ್ರಾನ್ಸಿಸ್ ಎಂಬುದು ಲ್ಯಾಟಿನ್ ಸಭೆಯ ಹೆಸರು. ಲ್ಯಾಟಿನ್ ರಾಜಪತ್ರವೊಂದರಲ್ಲಿ ಅವನ ಹೆಸರಿನೊಂದಿಗೆ ಗಿಯೊರ್ಗಿ ಎಂಬ ಪದ ಕಂಡಿತೆಂಬ ಆಧಾರದ ಮೇಲೆ, ಅವನ ನಿಜನಾಮ ಆರ್ಥೊಡಾಕ್ಸರಿಗೆ ಪ್ರಿಯವಾದ ಗಿಯೊರ್ಗಿ ಎಂದೇ ಸೋವಿಯತ್ ಕಾಲದ ಅನೇಕ ಗ್ರಂಥಗಳು ಬರೆದವು. ಮಾನ್ಯನೆಂಬ ಅರ್ಥದ ಎಗ್ರೆಜಿಯುಸ್ ಎಂಬ ಲ್ಯಾಟಿನ್ ವಿಶೇಷಣದ ಸ್ಥಾನದಲ್ಲಿ ಆದ ಬರಹದ ತಪ್ಪು ಅದೆಂದು ಬಳಿಕ ವಿದ್ವಾಂಸರು ವಿವರಿಸಿದರು. ಸತ್ಯವೇದವನ್ನು ಜನರ ಕೈಗಿತ್ತವನು ಯಾವ ಬದಿಯವನು ಎಂದು ಸಾಧಿಸುವ ಆತುರದಲ್ಲಿ ಗೌರವಸೂಚಕ ಪದವೊಂದು ಸಂತನಾಮವಾಗಿಬಿಟ್ಟಿತ್ತು.

ಅಳಿಸಿದರೂ ಹೆಸರು ಎಲ್ಲಿಯೋ ಉಳಿಯುತ್ತದೆ ಎಂಬುದನ್ನು ಮನೆತನದ ಹೆಸರುಗಳು ತೋರಿಸುತ್ತವೆ. ಪೋಲೆಂಡಿನ ರಾಷ್ಟ್ರಕವಿ ಆದಾಮ್ ಮಿತ್ಸ್ಕ್ಯೇವಿಚ್ ಹುಟ್ಟಿದ್ದು 1798ರಲ್ಲಿ ಇಂದಿನ ಬೆಲಾರೂಸಿನ ನವಾಹ್ರುದಕ್ ಪ್ರದೇಶದಲ್ಲಿ. ಲಿಥುವೇನಿಯನ್ನರು ಅವನನ್ನು ಆದೋಮಸ್ ಮಿತ್ಸ್ಕೆವಿಚ್ಯುಸ್ ಎನ್ನುತ್ತಾರೆ. ಕಥೋಲಿಕನಾದ ಆ ಕವಿಯ ಮನೆತನದ ಹೆಸರು ಪೂರ್ವ ಸ್ಲಾವರಿಗೆ ಪ್ರಿಯನಾದ ಸಂತ ದೇಮೇತ್ರಿಯನ ಹೆಸರಿನ ಮುದ್ದುರೂಪದಿಂದ ಬಂದದ್ದು. ಬೆಲಾರೂಸಿ ಸಾಹಿತ್ಯದ ಯಾಕುಬ್ ಕೋಲಾಸ್ (1882–1956) ಅವರ ನಿಜವಾದ ಮನೆತನದ ಹೆಸರೂ ಅದೇ. ತದೇವುಶ್ ಕೊಶ್ಚುಷ್ಕೊ ಎಂಬ ವೀರನ ಮನೆತನದ ಹೆಸರಿನಲ್ಲಿಯೂ, 1864ರಲ್ಲಿ ವಿಲ್ನ್ಯುಸ್‌ನಲ್ಲಿ ಗಲ್ಲಿಗೇರಿದ ಕಸ್ತುಸ್ ಕಲಿನೋವ್ಸ್ಕಿಯ ಕರೆಯುವ ಹೆಸರಿನಲ್ಲಿಯೂ ಒಬ್ಬನೇ ಕಾನ್‌ಸ್ಟಂಟೈನನಿದ್ದಾನೆ. 2015ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಲೇಖಕಿಯನ್ನು ಲೋಕ ರಷ್ಯನ್ ರೂಪದಲ್ಲಿ ಸ್ವೆತ್ಲಾನಾ ಎಂದು ಬಲ್ಲದು. ಬೆಲಾರೂಸಿನಲ್ಲಿ ಅದು ಸ್ವ್ಯಾತ್ಲಾನಾ. ಅವರ ಮನೆತನದ ಹೆಸರಾದ ಅಲೆಕ್ಸಿಯೆವಿಚ್ ಎಂಬುದರಲ್ಲಿ ಅಲೆಕ್ಸಿಯನೆಂಬ ಸಂತನಾಮವಿದೆ. ಸ್ವೆತ್ಲಾನಾ ಎಂಬುದೋ ಬೆಳಕು ಎಂಬ ಅರ್ಥವುಳ್ಳ, 19ನೆಯ ಶತಮಾನದ ಕವಿಗಳು ಪ್ರಚಾರಕ್ಕೆ ತಂದ ಹೆಸರು. ಆ ಹೆಸರಿನ ಸಂತಳಿಲ್ಲದ ಕಾರಣ ಆರ್ಥೊಡಾಕ್ಸ್ ಯಾಜಕರು ಅಂಥ ಹೆಣ್ಣುಮಕ್ಕಳಿಗೆ ಅದೇ ಅರ್ಥದ ಫೋಟೀನಾ ಎಂಬ ಹೆಸರಿನಿಂದ ದೀಕ್ಷಾಸ್ನಾನ ಮಾಡಿಸುತ್ತಾರೆ. ಬಾವಿಯ ಬಳಿ ಕರ್ತನೊಡನೆ ಮಾತನಾಡಿದ ಸಮಾರ್ಯದ ಸ್ತ್ರೀಗೆ ಪರಂಪರೆಯು ಕೊಟ್ಟ ಹೆಸರು ಅದು. ಜನರ ಹೆಸರನ್ನು ತಳ್ಳಿಹಾಕದೆ, ಅದರ ಅರ್ಥವನ್ನು ಸುವಾರ್ತೆಯೊಳಗೆ ಹುಡುಕಿದ ಆ ಕ್ರಮದಲ್ಲಿ ಪಾಲನೆಯ ವಿವೇಕವಿದೆ.

ಎಲ್ಲಾ ಹೆಸರುಗಳಿಗಿಂತ ಮೇಲಾದ ಹೆಸರು

ಸಂತರ ಹೆಸರುಗಳಲ್ಲಿರುವ ಈ ಭೇದವು ಕರ್ತನ ಹೆಸರಿನಲ್ಲಿಯೂ ಇದೆ. ಬೆಲಾರೂಸಿಯನ್ ಭಾಷೆಯಲ್ಲಿ ಆರ್ಥೊಡಾಕ್ಸರು ಬರೆಯುವುದು ಇಇಸುಸ್ ಖ್ರಿಸ್ತೋಸ್. ಕಥೋಲಿಕರು ಹೇಳುವುದು ಯೇಜುಸ್ ಖ್ರಿಸ್ತುಸ್. ಪ್ರೊಟೆಸ್ಟಂಟರಲ್ಲಿ ಇಸುಸ್ ಎಂಬ ಚಿಕ್ಕ ರೂಪವುಂಟು. ನಾಲ್ಕನೆಯ ಸುವಾರ್ತೆಯು ಆರ್ಥೊಡಾಕ್ಸರಿಗೆ ಇಆನನದು, ಕಥೋಲಿಕರಿಗೆ ಯಾನನದು. ಒಬ್ಬನು ಬಾಯಿ ತೆರೆದು ಪ್ರಾರ್ಥಿಸತೊಡಗಿದೊಡನೆ ಅವನು ಯಾವ ಸಭೆಯವನೆಂಬುದು ತಿಳಿದುಹೋಗುತ್ತದೆ. 17ನೆಯ ಶತಮಾನದ ಮಧ್ಯದಲ್ಲಿ ಮಾಸ್ಕೋದ ಪಿತೃಪೀಠಾಧ್ಯಕ್ಷ ನಿಕೊನನು ಇಸುಸ್ ಎಂಬ ಹಳೆಯ ಬರಹವನ್ನು ಗ್ರೀಕಿಗೆ ಹೊಂದುವಂತೆ ಇಇಸುಸ್ ಎಂದು ತಿದ್ದಿದಾಗ, ಶಿಲುಬೆಯ ಗುರುತನ್ನು ಎರಡು ಬೆರಳುಗಳಿಂದ ಮಾಡಬೇಕೋ ಮೂರರಿಂದಲೋ ಎಂಬ ವಿವಾದದೊಂದಿಗೆ ಈ ಒಂದು ಅಕ್ಷರವೂ ಸಭೆಯನ್ನು ಒಡೆಯಿತು. ಹಳೆಯ ಕ್ರಮವನ್ನು ಬಿಡದ ಅನೇಕರು ರಷ್ಯವನ್ನು ತೊರೆದು, ಇಂದಿನ ಬೆಲಾರೂಸಿನ ಹೋಮೆಲ್ ಪ್ರದೇಶದ ವೆತ್ಕಾದಲ್ಲಿ ಆಶ್ರಯ ಪಡೆದರು. ಆ ವಿಶ್ವಾಸಿಗಳನ್ನು ಹಟಮಾರಿಗಳೆಂದು ತಳ್ಳಿಹಾಕುವುದು ಸುಲಭ. ಆದರೆ ತಾಯಿಯ ಮಡಿಲಲ್ಲಿ ಕಲಿತ ರೂಪದಲ್ಲಿಯೇ ರಕ್ಷಕನನ್ನು ಕರೆಯುತ್ತೇವೆಂಬ ಅವರ ನಿಲುವನ್ನು, ಅದೇ ರೂಪವಿಲ್ಲದೆ ರಕ್ಷಣೆಯಿಲ್ಲವೆಂಬ ವಾದದಿಂದ ಬೇರ್ಪಡಿಸಿ ನೋಡಬೇಕು. ಮೊದಲನೆಯದು ಪ್ರೀತಿ, ಎರಡನೆಯದು ಅಕ್ಷರವನ್ನು ಕರ್ತನ ಸ್ಥಾನದಲ್ಲಿ ಕೂರಿಸುವುದು.

ನಾವೂ ಈ ವಿಷಯದಲ್ಲಿ ಹೊರಗಿನವರಲ್ಲ. ಕನ್ನಡದಲ್ಲಿ ಯೇಸು ಎಂದು ಪ್ರಾರ್ಥಿಸುವವರ ಪಕ್ಕದ ಬೀದಿಯಲ್ಲಿ ಕೊಂಕಣಿಯವರು ಜೆಜು ಎಂದು ಪ್ರಾರ್ಥಿಸುತ್ತಾರೆ. ನಮ್ಮ ಯೋಹಾನ, ಕೊಂಕಣಿಯ ಜುವಾಂವ್, ಕಥೋಲಿಕ ಹಳ್ಳಿಗಳ ಅರುಳಪ್ಪ, ನಗರದ ಜಾನ್ ಇವರೆಲ್ಲರೂ ಬೆಲಾರೂಸಿನ ಯಾನ್ಕಾನೊಂದಿಗೆ ಒಂದೇ ಹೆಸರಿನವರು.

ಪಾಲನಾಸೇವೆಗೆ ಇದರಿಂದ ದೊರೆಯುವ ಪಾಠಗಳು ಮೂರು. ಮೊದಲನೆಯದಾಗಿ, ದೀಕ್ಷಾಸ್ನಾನದ ದಾಖಲೆಯನ್ನು ಬರೆಯುವಾಗ ಕುಟುಂಬವು ಉಚ್ಚರಿಸುವ ರೂಪವನ್ನು ಕೇಳಿ ಬರೆಯಬೇಕು. ನಮಗೆ ಶಿಷ್ಟವೆಂದು ತೋರಿದ ರೂಪಕ್ಕೆ ಅದನ್ನು ತಿದ್ದಬಾರದು. ಲೇಖನಿಯನ್ನು ಹಿಡಿದ ಆ ಕ್ಷಣದಲ್ಲಿ ನಾವು ಅಧಿಕಾರವನ್ನೇ ಹಿಡಿದಿರುತ್ತೇವೆ. ಎರಡನೆಯದಾಗಿ, ಸಭಾಚರಿತ್ರೆಯನ್ನು ಓದುವಾಗ ಒಬ್ಬನ ಹೆಸರು ಯಾವ ಭಾಷೆಯ ರೂಪದಲ್ಲಿ ನಮಗೆ ಬಂದಿದೆ ಎಂಬುದನ್ನು ಗಮನಿಸಬೇಕು. ಕಥೆಯನ್ನು ಹೇಳುತ್ತಿರುವವರು ಯಾರೆಂಬುದನ್ನು ಆ ರೂಪವೇ ಅನೇಕ ವೇಳೆ ತಿಳಿಸುತ್ತದೆ. ಮೂರನೆಯದಾಗಿ, ಬೇರೆ ರೂಪದಲ್ಲಿ ಕರೆಯಲ್ಪಡುವ ಸಂತನನ್ನೂ ಕರ್ತನನ್ನೂ ನಮ್ಮವರೆಂದೇ ಗುರುತಿಸುವ ಅಭ್ಯಾಸವನ್ನು ಸಭೆಗೆ ಕಲಿಸಬೇಕು.

ಇಂದಿನ ಬೆಲಾರೂಸಿನಲ್ಲಿ ಬೆಲಾರೂಸಿಯನ್ ಮತ್ತು ರಷ್ಯನ್ ಎರಡೂ ರಾಜ್ಯಭಾಷೆಗಳು. ಒಬ್ಬನ ಪಾಸ್‌ಪೋರ್ಟಿನಲ್ಲಿ ಅವನ ಹೆಸರು ಎರಡೂ ರೂಪಗಳಲ್ಲಿ ಅಚ್ಚಾಗಿರುತ್ತದೆ. ಅವುಗಳಲ್ಲಿ ಯಾವುದಕ್ಕೆ ಅವನ ಹೃದಯ ಓಗೊಡುತ್ತದೆ ಎಂಬುದನ್ನು ಯಾವ ಕಾಗದವೂ ಹೇಳಲಾರದು. ಒಳ್ಳೆಯ ಕುರುಬನು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುವನೆಂದು ಯೋಹಾನನ ಸುವಾರ್ತೆಯಿಂದ ನಾವು ಬಲ್ಲೆವು. ಪುನರುತ್ಥಾನದ ಮುಂಜಾನೆ ತೋಟದಲ್ಲಿ ಮರಿಯಳು ಕರ್ತನನ್ನು ಗುರುತಿಸಿದ್ದು ಮುಖವನ್ನು ನೋಡಿಯಲ್ಲ. ತನ್ನ ಹೆಸರು ತನಗೆ ಪರಿಚಿತವಾದ ರೀತಿಯಲ್ಲಿ ಕಿವಿಗೆ ಬಿದ್ದಾಗ. ಕುರುಬನ ಹೆಸರಿನಲ್ಲಿ ಸೇವೆಗೆ ನಿಂತ ನಾವು ಮೊದಲು ಕೇಳಿ ತಿಳಿಯಬೇಕಾದದ್ದು ಆ ರೀತಿಯನ್ನೇ.